ಎರಡು ಮೋಟರ್, ಒಂದು ಬೋರ್ಡ್

ಎಂಜಿನಿಯರಿಂಗ್ ಕಾಲೇಜುಗಳ ರೋಬೋ ಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಕಾಣುವ ನೋಟವಿದು. ಕಪ್ಪು ಗೆರೆಯ ಮೇಲೆ ಚೆನ್ನಾಗಿಯೇ ಓಡುತ್ತಿದ್ದ ಎರಡು ಚಕ್ರದ ಪುಟ್ಟ ಗಾಡಿ ತಿರುವು ಬಂದೊಡನೆ ಗಕ್ಕನೆ ನಿಲ್ಲುತ್ತದೆ. ಬೋರ್ಡಿನ ದೀಪ ಒಮ್ಮೆ ಆರಿ ಹೊತ್ತಿಕೊಳ್ಳುತ್ತದೆ. ಪ್ರೋಗ್ರಾಂ ಮತ್ತೆ ಮೊದಲಿನಿಂದ ಶುರು. ಹುಡುಗರು ಪ್ರೋಗ್ರಾಂನಲ್ಲಿ ತಪ್ಪು ಹುಡುಕುತ್ತಾರೆ. ತಪ್ಪು ಎಷ್ಟೋ ಸಲ ಬೋರ್ಡಿನಲ್ಲೇ ಇರುತ್ತದೆ.

ಈ ಗಾಡಿಗೆ ಸ್ಟಿಯರಿಂಗ್ ಇಲ್ಲ. ಎತ್ತಿನ ಗಾಡಿಯನ್ನು ತಿರುಗಿಸುವಾಗ ಒಂದೆತ್ತನ್ನು ತಡೆದು ಇನ್ನೊಂದನ್ನು ಮುಂದೆ ಬಿಡುವಂತೆ, ಇಲ್ಲಿ ಒಂದು ಮೋಟರನ್ನು ನಿಲ್ಲಿಸಿ ಅಥವಾ ಹಿಂದಕ್ಕೆ ತಿರುಗಿಸಿ ಇನ್ನೊಂದನ್ನು ಮುಂದಕ್ಕೆ ಓಡಿಸಬೇಕು. ಡಿಸಿ ಮೋಟರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಅದು ಉಲ್ಟಾ ತಿರುಗುತ್ತದೆ. ಈ ಅದಲುಬದಲನ್ನು ತಾನೇ ಮಾಡುವ ಸರ್ಕ್ಯೂಟ್ ಎಚ್-ಬ್ರಿಡ್ಜ್. ಎಡಕ್ಕೆರಡು, ಬಲಕ್ಕೆರಡು ಎಲೆಕ್ಟ್ರಾನಿಕ್ ಸ್ವಿಚ್, ನಡುವೆ ಅಡ್ಡಲಾಗಿ ಮೋಟರ್. ಮೂಲೆಯಿಂದ ಮೂಲೆಗೆ ಒಂದು ಜೋಡಿ ಸ್ವಿಚ್ ಆನ್ ಆದರೆ ಗಾಲಿ ಮುಂದಕ್ಕೆ, ಇನ್ನೊಂದು ಜೋಡಿ ಆನ್ ಆದರೆ ಹಿಂದಕ್ಕೆ. ಒಂದೇ ಬದಿಯ ಎರಡೂ ಒಟ್ಟಿಗೆ ಆನ್ ಆದರೆ ಬ್ಯಾಟರಿ ನೇರವಾಗಿ ಶಾರ್ಟ್!

ಬೋರ್ಡ್ ವಿನ್ಯಾಸ ಶುರುವಾಗಬೇಕಾದದ್ದು ಕರೆಂಟಿನ ಲೆಕ್ಕದಿಂದ. ಮೋಟರಿನ ಸುರುಳಿಯ ರೋಧ 6 ಓಮ್, ಬ್ಯಾಟರಿ 6 ವೋಲ್ಟ್ ಎಂದುಕೊಳ್ಳಿ. ನಿಂತ ಮೋಟರ್ ಹೊರಡುವ ಕ್ಷಣ 1 ಆಂಪಿಯರ್ ಎಳೆಯುತ್ತದೆ. ಓಡುವ ಮೋಟರ್ ಜನರೇಟರಿನಂತೆ ತಾನೂ ವೋಲ್ಟೇಜ್ ಹುಟ್ಟಿಸಿ ಬ್ಯಾಟರಿಗೆ ಎದುರಾಗಿ ನಿಲ್ಲುವುದರಿಂದ ಕರೆಂಟ್ ಇಳಿಯುತ್ತದೆ. ಓಡುತ್ತಿರುವಾಗಲೇ ಹಠಾತ್ತನೆ ದಿಕ್ಕು ಬದಲಿಸಿದರೆ ಆ ವೋಲ್ಟೇಜ್ ಬ್ಯಾಟರಿಯ ಜೊತೆಗೂಡುತ್ತದೆ. ಕರೆಂಟ್ 2 ಆಂಪಿಯರ್ ಹತ್ತಿರಕ್ಕೆ ಜಿಗಿಯುತ್ತದೆ. ತಿರುವಿನಲ್ಲಿ ಗಾಡಿ ಕೈಕೊಡುವುದು ಇದಕ್ಕೇ. ಪ್ರೋಗ್ರಾಂ ಓಡಿಸುವ ಮೈಕ್ರೋಕಂಟ್ರೋಲರ್ ಬೋರ್ಡ್ ಆರ್ಡುಯಿನೋ ಉನೋದ ಒಂದು ಪಿನ್ ಆರಾಮಾಗಿ ಕೊಡುವುದು 20 ಮಿಲಿ ಆಂಪಿಯರ್ ಮಾತ್ರ, ಹಾಗಾಗಿ ನಡುವೆ ಡ್ರೈವರ್ ಚಿಪ್ ಬೇಕೇ ಬೇಕು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮೋಟರ್ ಡ್ರೈವರ್ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಎಲ್298. ಎರಡು ಎಚ್-ಬ್ರಿಡ್ಜ್ ಒಂದೇ ಚಿಪ್ಪಿನಲ್ಲಿವೆ, ಒಂದೊಂದೂ 2 ಆಂಪಿಯರ್ ತಾಳುತ್ತದೆ. ಆದರೆ ಇದು ಹಳೆಯ ಬೈಪೋಲಾರ್ ಟ್ರಾನ್ಸಿಸ್ಟರುಗಳ ಚಿಪ್. 1 ಆಂಪಿಯರ್ ಹರಿಯುವಾಗಲೇ ಸುಮಾರು 2 ವೋಲ್ಟ್ ತಾನೇ ನುಂಗುತ್ತದೆ. 6 ವೋಲ್ಟಿನ ಬ್ಯಾಟರಿಯಿಂದ ಮೋಟರಿಗೆ ತಲುಪುವುದು ನಾಲ್ಕೇ. ಉಳಿದದ್ದು 2 ವಾಟ್ ಬಿಸಿ, ಅದಕ್ಕೇ ಬೆನ್ನಿಗೆ ಅಷ್ಟು ದೊಡ್ಡ ಹೀಟ್‌ಸಿಂಕ್. ತೋಷಿಬಾದ ಟಿಬಿ6612 ಮಾಸ್ಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರ್ ಬಳಸುತ್ತದೆ; ಅದರ ರೋಧ ಸುಮಾರು ಅರ್ಧ ಓಮ್, 1 ಆಂಪಿಯರಿಗೆ ನಷ್ಟ ಅರ್ಧ ವೋಲ್ಟ್. ಅದರ ನಿರಂತರ ಮಿತಿ 1.2 ಆಂಪಿಯರ್, ಕ್ಷಣಕಾಲಕ್ಕೆ 3.2. ಸಣ್ಣ ಗಾಡಿಗೆ ಇದೇ ವಾಸಿ.

ಚಿಪ್ ಸರಿಯಿದ್ದರೂ ಬೋರ್ಡಿನ ತಾಮ್ರದ ಗೆರೆ, ಅಂದರೆ ಟ್ರ್ಯಾಕ್, ಸಣ್ಣದಾದರೆ ಕೆಲಸ ಕೆಟ್ಟಂತೆ. ಸಾಮಾನ್ಯ ಬೋರ್ಡಿನ ತಾಮ್ರದ ದಪ್ಪ 35 ಮೈಕ್ರಾನ್. ಅದರಲ್ಲಿ 0.3 ಮಿಲಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ಟ್ರ್ಯಾಕ್ ಎಳೆದರೆ ರೋಧ 0.16 ಓಮ್. 2 ಆಂಪಿಯರ್ ಹರಿದಾಗ ಒಂದು ವೋಲ್ಟಿನ ಮೂರನೇ ಒಂದು ಪಾಲು ಅಲ್ಲೇ ಖೋತಾ. ಮೈಕ್ರೋಕಂಟ್ರೋಲರಿನ ಗ್ರೌಂಡ್ ಕೂಡ ಅದೇ ಟ್ರ್ಯಾಕಿನಲ್ಲಿ ಮರಳುತ್ತಿದ್ದರೆ ಅದರ ನೆಲವೇ ಅಲುಗಾಡಿ ಪ್ರೋಗ್ರಾಂ ಮತ್ತೆ ಮೊದಲಿನಿಂದ ಶುರುವಾಗಬಹುದು.

ಪರಿಹಾರ ಕಷ್ಟದ್ದಲ್ಲ. ಮೋಟರಿನ ಟ್ರ್ಯಾಕುಗಳನ್ನು 2 ಮಿಲಿಮೀಟರಿಗೆ ಅಗಲಿಸಿ, ಗಿಡ್ಡವಾಗಿಡಿ. ಮೋಟರಿನ ಗ್ರೌಂಡ್, ಕಂಟ್ರೋಲರಿನ ಗ್ರೌಂಡ್ ಬೇರೆಬೇರೆ ದಾರಿಯಲ್ಲಿ ಬಂದು ಬ್ಯಾಟರಿಯ ಕನೆಕ್ಟರ್ ಬಳಿ ಮಾತ್ರ ಸೇರಲಿ. ಡ್ರೈವರ್ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರ್ ಕೂರಿಸಿದರೆ ತಿರುವಿನ ಹಠಾತ್ ಹಸಿವಿಗೆ ಅದು ಹತ್ತಿರದ ಹಗೇವು. ಬ್ರಷ್‌ಗಳ ಕಿಡಿಯಿಂದ ಏಳುವ ಗದ್ದಲ ತಗ್ಗಿಸಲು ಮೋಟರಿನ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್‌ನದೊಂದನ್ನು ಬೆಸೆಯಿರಿ. ಬೋರ್ಡ್ ಬಿಡಿಸಲು ಉಚಿತವಾಗಿ ಸಿಗುವ ಕಿಕ್ಯಾಡ್ ತಂತ್ರಾಂಶ ಧಾರಾಳ ಸಾಕು.

ಬೋರ್ಡ್ ಕೈಗೆ ಬಂದ ಖುಷಿಯಲ್ಲಿ ತಕ್ಷಣ ಬ್ಯಾಟರಿ ಸಿಕ್ಕಿಸಬೇಡಿ. ಮಲ್ಟಿಮೀಟರನ್ನು ಬಜರ್‌ಗೆ ತಿರುಗಿಸಿ ಪ್ಲಸ್‌ಗೂ ಗ್ರೌಂಡ್‌ಗೂ ಮುಟ್ಟಿಸಿ ನೋಡಿ. ಸದ್ದು ನಿಲ್ಲದೆ ಬಂದರೆ ಎಲ್ಲೋ ಶಾರ್ಟ್ ಇದೆ, ಮೊದಲು ಅದನ್ನು ಹುಡುಕಿ ಬಿಡಿಸಿ.