ಸೊನ್ನಲಿಗೆಯ ಕೆರೆದಂಡೆಯಲ್ಲಿ

ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದರ್ಶನ ಮುಗಿಸಿ ಸೊಲ್ಲಾಪುರಕ್ಕೆ ಬಂದವರು, ರೈಲಿಗೆ ಇನ್ನೂ ಹೊತ್ತಿದ್ದರೆ, ಸಿದ್ಧೇಶ್ವರ ಗುಡಿಯ ಕಡೆ ಆಟೋ ಹತ್ತುತ್ತಾರೆ. ಸುತ್ತ ನೀರು, ನಡುವೆ ಗುಡಿ, ಆಚೆ ಬಹಮನಿ ಕಾಲದ ಭುಯೀಕೋಟ್ ಕಿಲ್ಲೆ. 1818ರಲ್ಲಿ ಬ್ರಿಟಿಷ್ ಸೇನಾನಿ ಮನ್ರೋನ ಪಡೆ ಪೇಶ್ವೆಯ ಸೈನಿಕರಿಂದ ಕಿತ್ತುಕೊಂಡದ್ದು ಇದೇ ಕಿಲ್ಲೆಯನ್ನು. ಸೆಲ್ಫಿಗೆ ಕಿಲ್ಲೆ ಚೆಂದ, ನಿಜ. ಆದರೆ ಊರಿನ ಕತೆ ಇರುವುದು ನೀರಿನಲ್ಲಿ.

ಹನ್ನೆರಡನೆಯ ಶತಮಾನದಲ್ಲಿ ಈ ಊರು ಸೊನ್ನಲಿಗೆ. ಸಿದ್ಧರಾಮ ಇಲ್ಲಿ ಕೆರೆ ತೋಡಿಸಿದ, ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದ. ಅಲ್ಲಮಪ್ರಭು ಬಂದಾಗಲೂ ಕೆರೆಯ ಕೆಲಸ ನಡೆದಿತ್ತಂತೆ. ಸಿದ್ಧರಾಮನನ್ನು ಕಲ್ಯಾಣಕ್ಕೆ ಕರೆದೊಯ್ದವನೂ ಅಲ್ಲಮನೇ. ರಾಘವಾಂಕ ‘ಸಿದ್ಧರಾಮ ಚಾರಿತ್ರ’ ಬರೆದ. ಮಳೆ ಕೈಕೊಡುವ ಈ ಸೀಮೆಯಲ್ಲಿ ಕೆರೆ ತೋಡುವುದೇ ದೊಡ್ಡ ಪೂಜೆ ಎಂದು ಶರಣನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಈಗ ಊರಿನ ನಲ್ಲಿಗೆ ನೀರು ಬರುವುದು ದೂರದ ಉಜನಿ ಅಣೆಕಟ್ಟೆಯಿಂದ. ಕುಡಿಯುವ ನೀರಿಗಾಗಿ ಕೆರೆಯತ್ತ ನೋಡುವ ಗರಜು ತಪ್ಪಿತು. ಗರಜು ತಪ್ಪಿದ ಮೇಲೆ ನಿಗಾವೂ ತಪ್ಪಿತು. ಹೂಳು ಕೂತಿತು, ಗಣಪತಿಗಳು ಮುಳುಗಿದವು, ನೀರು ಪಾಚಿಗಟ್ಟಿ ಹಸಿರಾಯಿತು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳ ಪಟ್ಟಿಯಲ್ಲಿ ಸೊಲ್ಲಾಪುರದ ಹೆಸರು ಬಂತು. ಅಪ್ಪಾಸಾಹೇಬ ವಾರದರು ಕಟ್ಟಿಸಿದ, ಈಗ ಮಹಾನಗರಪಾಲಿಕೆಯ ವಶದಲ್ಲಿರುವ ಇಂದ್ರಭುವನದ ಜೀರ್ಣೋದ್ಧಾರವಾಯಿತು, ಕೆರೆಯ ಸುಶೋಭೀಕರಣಕ್ಕೂ ಕೈಹಾಕಿದರು. ಕಟ್ಟಡಕ್ಕೆ ಗಿಲಾಯಿ, ಬಣ್ಣ, ದೀಪ ಸಾಕಾಗಬಹುದು; ಕೆರೆಗೆ ಸಾಲದು. ಒಳಬರುವ ಹೊಲಸನ್ನು ತಡೆದು ಹೂಳು ಎತ್ತುತ್ತಲೇ ಇರಬೇಕು. ದಂಡೆಯ ದೀಪ ಫೋಟೋದಲ್ಲಿ ಕಾಣುತ್ತದೆ, ಎತ್ತಿದ ಹೂಳು ಕಾಣುವುದಿಲ್ಲ. ಅದೇ ಫಜೀತಿ.

ಕೆರೆದಂಡೆಗೆ ನಿಜವಾದ ಜೀವ ಬರುವುದು ಸಂಕ್ರಾಂತಿಗೆ, ಗಡ್ಡಾ ಜಾತ್ರೆಯಲ್ಲಿ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಕನ್ನಡ ಮಾತಾಡುವ ಮಂದಿ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಏಳು ನಂದಿಕೋಲು. ಬಿಳಿ ಬಾರಾಬಂದಿ ತೊಟ್ಟವನು ಸೊಂಟಕ್ಕೆ ಪಟ್ಟಿ ಬಿಗಿದು, ಅಷ್ಟೆತ್ತರದ ಕೋಲನ್ನು ಒಬ್ಬನೇ ಹೊತ್ತು ನಡೆಯುತ್ತಾನೆ. ಅದಕ್ಕಾಗಿ ವಾರಗಟ್ಟಲೆ ಮೊದಲೇ ತಾಲೀಮು. ಕೋಲು ವಾಲಿದಾಗ ಸುತ್ತಲಿನವರ ಉಸಿರೂ ಅತ್ತಲೇ ವಾಲುತ್ತದೆ. ಸಿದ್ಧರಾಮನನ್ನೇ ವರಿಸುವೆನೆಂದ ಕುಂಬಾರ ಕನ್ಯೆಗೆ ಅವನ ಯೋಗದಂಡದೊಡನೆ ಮದುವೆಯಾಯಿತೆಂಬುದು ಕತೆ. ಆ ಮದುವೆಯ ಅಕ್ಷತೆ ಕೆರೆದಂಡೆಯ ಸಮ್ಮತಿಕಟ್ಟೆಯ ಬಳಿ ಬೀಳುತ್ತದೆ. ಮರುದಿನ ಹೋಮ, ಆಮೇಲೆ ಮದ್ದು ಸುಡುವ ಸಂಭ್ರಮ.

ಮರಾಠಿ ಪತ್ರಿಕೆಗಳು ಅಕ್ಷತೆಯ ಹಿಂದಿನ ದಿನವನ್ನು ‘ಯಣ್ಣಿಮಜ್ಜನ’ ಎಂದು ಅಚ್ಚುಹಾಕುತ್ತವೆ. ಅದು ನಮ್ಮ ಎಣ್ಣೆಮಜ್ಜನ. ಅರವತ್ತೆಂಟು ಲಿಂಗಗಳಿಗೂ ಎಣ್ಣೆ ಹಚ್ಚುವ ದಿನ. ಕೊನೆಯ ದಿನದ ಹೆಸರು ‘ಕಪ್ಪಡಕಳ್ಳಿ’, ಕಪ್ಪಡವೆಂದರೆ ಬಟ್ಟೆ. ಅರ್ಥ ಕೇಳಿದರೆ ಮರಾಠಿ ಗೆಳೆಯರು ನಮ್ಮ ಮುಖ ನೋಡುತ್ತಾರೆ. ಆ ರಾತ್ರಿ ನಂದಿಕೋಲುಗಳ ಬಟ್ಟೆ ಬಿಚ್ಚಿ ಮಡಚುತ್ತಾರೆ. ದಂಡೆಯ ಮೇಲೆ ಜೋಕಾಲಿ, ಬಳೆ ಅಂಗಡಿ, ಭಜಿಯ ಬಾಣಲೆ ಇನ್ನೂ ಕೆಲವು ದಿನ ನಡೆದೇ ಇರುತ್ತವೆ.