ಗಂಟೆಯ ಸದ್ದಿಗೆ ಕಿವಿ ಮುಚ್ಚುವ ಮಗು

ಜೂನ್ ತಿಂಗಳ ಮೊದಲ ವಾರ. ಶಿಶುವಿಹಾರದ ಗಂಟೆ ಢಣಢಣನೆ ಮೊಳಗುತ್ತದೆ. ಮಕ್ಕಳೆಲ್ಲ ಸಾಲಾಗಿ ನಿಲ್ಲಲು ಓಡುತ್ತಾರೆ. ಒಂದು ಮಗು ಮಾತ್ರ ಎರಡು ಕಿವಿಗಳನ್ನೂ ಅಂಗೈಯಿಂದ ಮುಚ್ಚಿಕೊಂಡು ಮೂಲೆಗೆ ಸರಿಯುತ್ತದೆ. ಇನ್ನೊಂದು ಸಾಲಿನಲ್ಲಿ ನಿಲ್ಲಲಾರದು. ಪಕ್ಕದವನನ್ನು ನೂಕುತ್ತದೆ, ಗೋಡೆಗೆ ಬೆನ್ನು ಉಜ್ಜುತ್ತದೆ. ಮತ್ತೊಂದಕ್ಕೆ ಬೆರಳಿಗೆ ಗೋಂದು ಅಂಟಿದರೆ ಸಾಕು, ಅಳು ಉಕ್ಕಿ ಬರುತ್ತದೆ. ಸಂಜೆ ತಾಯಂದಿರ ಕಿವಿಗೆ ಬೀಳುವ ವರದಿ ಇಷ್ಟೆ: ಮೊದಲನೆಯದು ಅಂಜುಬುರುಕ, ಎರಡನೆಯದು ತುಂಟ, ಮೂರನೆಯದು ಹಟಮಾರಿ.

ಈ ಮೂರು ಹೆಸರುಗಳೂ ತಪ್ಪಾಗಿರಬಹುದು. ಆದರೆ ಒಮ್ಮೆ ಅಂಟಿದ ಹೆಸರು ಗೋಂದಿನಂತೆ ನೀರಿಗೆ ಬಿಡುವುದಿಲ್ಲ. ಆದುದರಿಂದ ಮಗುವನ್ನು ಗದರಿಸುವ ಮೊದಲು, ಅದರ ಕಣ್ಣು, ಕಿವಿ, ಚರ್ಮಗಳು ಲೋಕವನ್ನು ಹೇಗೆ ಬರಮಾಡಿಕೊಳ್ಳುತ್ತಿವೆ ಎಂಬುದನ್ನು ವಿಚಾರಿಸುವುದು ಹಿರಿಯರ ಕರ್ತವ್ಯ.

ರೋಮ್ ನಗರದ ಒಂದು ಕೋಣೆ

ಮಗುವಿನ ಕಲಿಕೆ ಇಂದ್ರಿಯಗಳ ಬಾಗಿಲಿನಿಂದಲೇ ಒಳಬರುವುದೆಂದು ಸಾರಿದವರಲ್ಲಿ ಡಾಕ್ಟರ್ ಮರಿಯಾ ಮಾಂಟೆಸ್ಸರಿ ಅಗ್ರಗಣ್ಯರು. 1907ರ ಜನವರಿ 6ರಂದು ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮೊದಲ ‘ಮಕ್ಕಳ ಮನೆ’ ತೆರೆಯಿತು. ಅಲ್ಲಿ ಪುಸ್ತಕಕ್ಕಿಂತ ಮೊದಲು ಮಕ್ಕಳ ಕೈಗೆ ಬಂದುದು ವಸ್ತುಗಳು: ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಕ್ರಮವಾಗಿ ಬೆಳೆಯುವ ಹತ್ತು ಮರದ ಘನಗಳು, ಅಲುಗಿಸಿ ಸದ್ದನ್ನು ಹೋಲಿಸುವ ಡಬ್ಬಿಗಳು, ಬೆರಳಾಡಿಸಿ ಕಲಿಯುವ ಉಪ್ಪುಕಾಗದದ ಅಕ್ಷರಗಳು.

ಅಲ್ಲಿಯೇ ‘ಮೌನದ ಆಟ’ವೂ ಹುಟ್ಟಿತು. ಒಂದು ದಿನ ಮಾಂಟೆಸ್ಸರಿ ನಾಲ್ಕು ತಿಂಗಳ ಹಸುಗೂಸನ್ನು ಎತ್ತಿ ತಂದು, ಅದರಷ್ಟು ಸದ್ದಿಲ್ಲದೆ ಇರಬಲ್ಲಿರಾ ಎಂದು ಮಕ್ಕಳನ್ನು ಕೇಳಿದರು. ಮಕ್ಕಳು ಉಸಿರನ್ನೂ ಹಗುರಮಾಡಿ ಕುಳಿತರು. ಮುಂದೆ ಈ ಆಟದಲ್ಲಿ ಪಕ್ಕದ ಕೋಣೆಯಿಂದ ಪಿಸುದನಿಯಲ್ಲಿ ಒಂದೊಂದೇ ಹೆಸರು ಕೇಳಿಬರುತ್ತಿತ್ತು; ಕರೆಸಿಕೊಂಡ ಮಗು ತುದಿಗಾಲಿನಲ್ಲಿ ನಡೆದು ಹೋಗುತ್ತಿತ್ತು. ಗದ್ದಲವನ್ನು ಬೆತ್ತದಿಂದ ಅಡಗಿಸುವುದು ಬೇರೆ, ಮೌನದ ರುಚಿಯನ್ನು ಮಗುವಿಗೆ ಹತ್ತಿಸುವುದು ಬೇರೆ.

1939ರಲ್ಲಿ ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಅವರು ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ನೀಡಿದರು. ಯುದ್ಧದ ಕಾರಣದಿಂದ 1946ರವರೆಗೆ ಭಾರತದಲ್ಲಿಯೇ ಉಳಿಯಬೇಕಾಯಿತು. ನಮ್ಮ ಊರುಗಳಲ್ಲಿ ಇಂದಿಗೂ ಅವರ ಹೆಸರಿನ ಶಾಲೆಗಳು ಹೇರಳವಾಗಿವೆ. ಹೆಸರಿನ ಹಲಗೆಯಷ್ಟೇ ಧಾರಾಳವಾಗಿ ಅವರ ತಾಳ್ಮೆಯೂ ಅಲ್ಲಿ ಇದೆಯೇ ಎಂಬುದನ್ನು ಪಾಲಕರು ನೋಡಿಕೊಳ್ಳಬೇಕು.

ಐದರ ಆಚೆಗೆ ಎರಡು

ಪಂಚೇಂದ್ರಿಯಗಳನ್ನು ಎಲ್ಲರೂ ಬಲ್ಲರು. ಅವುಗಳ ಜೊತೆಗೆ ಇನ್ನೆರಡು ಅರಿವುಗಳು ಮಗುವಿನ ನಡೆನುಡಿಯನ್ನು ಆಳುತ್ತವೆ. ಒಂದು, ಒಳಗಿವಿಯಲ್ಲಿರುವ ಸಮತೋಲನದ ಅರಿವು. ಇನ್ನೊಂದು, ಕೈಕಾಲು ಎಲ್ಲಿದೆ, ಎಷ್ಟು ಬಲ ಹಾಕುತ್ತಿದೆ ಎಂಬುದನ್ನು ತಿಳಿಸುವ ಸ್ನಾಯು ಮತ್ತು ಕೀಲುಗಳ ಅರಿವು. ಅಮೆರಿಕದ ಜೀನ್ ಆಯರ್ಸ್ ಎಂಬ ಚಿಕಿತ್ಸಕಿ 1972ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಈ ಎಲ್ಲ ಅರಿವುಗಳನ್ನು ಮೆದುಳು ಹೊಂದಿಸಿಕೊಳ್ಳುವ ಬಗೆಗೂ ಕಲಿಕೆಗೂ ನಂಟಿದೆಯೆಂದು ವಿವರಿಸಿದರು. ಅವರ ಚಿಕಿತ್ಸೆ ಎಷ್ಟು ಫಲಕಾರಿ ಎಂಬ ಚರ್ಚೆ ವೈದ್ಯರಲ್ಲಿ ಇನ್ನೂ ಮುಗಿದಿಲ್ಲ. ಆದರೆ ಒಂದೇ ಸದ್ದು, ಒಂದೇ ಸ್ಪರ್ಶ ಎಲ್ಲ ಮಕ್ಕಳಿಗೂ ಒಂದೇ ತೆರನಾಗಿ ತಾಗುವುದಿಲ್ಲವೆಂಬುದರಲ್ಲಿ ವಿವಾದವಿಲ್ಲ.

ಒಂದು ಮಗುವಿಗೆ ಜೋಕಾಲಿ ಸ್ವರ್ಗ, ಇನ್ನೊಂದಕ್ಕೆ ಕಾಲು ನೆಲ ಬಿಟ್ಟೊಡನೆ ಭಯ. ಕಿವಿ ಮುಚ್ಚುವ ಮಗುವಿಗೆ ಸದ್ದು ಅತಿಯಾಗಿರಬಹುದು. ನೂಕಾಡುವ ಮಗುವಿಗೆ ಚಲನೆ ಸಾಲದಿರಬಹುದು.

ಖರ್ಚಿಲ್ಲದ ಉಪಾಯಗಳು

ಇದಕ್ಕೆ ದುಬಾರಿ ಸಾಮಗ್ರಿಗಳು ಬೇಕಿಲ್ಲ. ಗಂಟೆ ಬಾರಿಸುವ ಮುನ್ನ ಉಪಾಧ್ಯಾಯಿನಿಯು ಅಂಜುವ ಮಗುವಿನ ಬಳಿ ಹೋಗಿ, ‘ಈಗ ಗಂಟೆ ಆಗುತ್ತದೆ ಪುಟ್ಟಾ’ ಎಂದರೆ ಅರ್ಧ ಭಯ ಕಳೆಯುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಚಾಪೆ, ದಿಂಬುಗಳನ್ನು ಹಾಕಿ, ದಣಿದ ಮಗು ಸ್ವಲ್ಪ ಹೊತ್ತು ಒಂಟಿಯಾಗಿ ಕೂರಲು ಎಡೆಗೊಡಬಹುದು. ಅದು ಶಿಕ್ಷೆಯ ಮೂಲೆಯಾಗಬಾರದು, ವಿಶ್ರಾಂತಿಯ ಮೂಲೆಯಾಗಬೇಕು.

ಚಡಪಡಿಸುವ ಮಗುವಿಗೆ ಮೈಗೆ ಭಾರ ಬೀಳುವ ಕೆಲಸ ಒಪ್ಪಿಸಬೇಕು: ಚಾಪೆ ಸುತ್ತುವುದು, ಪುಸ್ತಕಗಳನ್ನು ಹೊತ್ತು ತರುವುದು, ಗಿಡಗಳಿಗೆ ನೀರು ಒಯ್ಯುವುದು. ಇಂಥ ಕೆಲಸದ ಬಳಿಕ ಅನೇಕ ಮಕ್ಕಳು ನೆಮ್ಮದಿಯಾಗಿ ಕುಳಿತು ಕತೆ ಕೇಳುತ್ತಾರೆ. ಗೋಂದಿಗೆ ಹೇಸುವ ಮಗುವಿನ ಕೈಯನ್ನು ಬಲವಂತವಾಗಿ ಅದ್ದಬಾರದು. ಮೊದಲು ಕುಂಚ, ಆಮೇಲೆ ಒಂದು ಬೆರಳು, ಪಕ್ಕದಲ್ಲಿ ಒರಸಿಕೊಳ್ಳಲು ಒದ್ದೆ ಬಟ್ಟೆ. ಮಗು ತನ್ನ ಗತಿಯಲ್ಲಿ ಮುಂದುವರಿಯಲಿ.

ಮನೆಯಲ್ಲಿಯೂ ಇದೇ ನೀತಿ. ಅಂಗಳ, ಕೆರೆಯ ಏರಿ, ಮರಳಗುಡ್ಡೆಗಳಿದ್ದ ಕಾಲದಲ್ಲಿ ಮಕ್ಕಳಿಗೆ ಈ ಪಾಠ ಬೇಡದೆಯೇ ದೊರೆಯುತ್ತಿತ್ತು. ನಯವಾದ ನೆಲದ ಮೇಲೆ ಮೊಬೈಲ್ ಹಿಡಿದು ಕುಳಿತ ಇಂದಿನ ಮಗುವಿಗೆ ಅದನ್ನು ಹುಡುಕಿ ಕೊಡಬೇಕಾಗಿದೆ. ಚಪಾತಿ ಹಿಟ್ಟು ನಾದುವುದು, ಮೊರದಲ್ಲಿ ರಾಗಿ ಹರಡಿ ಗೆರೆ ಎಳೆಯುವುದು, ಕುಂಟೆಬಿಲ್ಲೆ ಆಡುವುದು, ಇವೆಲ್ಲವೂ ಇಂದ್ರಿಯಗಳ ಶಾಲೆಯೇ. ಕಾಲರಿನ ಚೀಟಿ ಚುಚ್ಚುತ್ತದೆಂದು ಮಗು ಅತ್ತರೆ, ಕತ್ತರಿ ಹಿಡಿದು ಅದನ್ನು ತೆಗೆದುಹಾಕುವುದು ಮುದ್ದು ಮಾಡಿದಂತಲ್ಲ.

ವೈದ್ಯರನ್ನು ಕಾಣುವುದೆಂದು?

ಪ್ರತಿಯೊಂದು ಭಿನ್ನತೆಯೂ ರೋಗವಲ್ಲ. ಆದರೆ ಮಗು ಹೆಸರು ಕರೆದರೆ ತಿರುಗದಿದ್ದರೆ, ಮಾತು ತಡವಾದರೆ, ಊಟ, ನಿದ್ರೆ, ಆಟಗಳೇ ನಿಂತುಹೋಗುವಷ್ಟು ತೊಂದರೆಯಾದರೆ ಮಕ್ಕಳ ವೈದ್ಯರನ್ನು ಕಾಣಬೇಕು. ಮೊದಲು ಕಿವಿ, ಕಣ್ಣುಗಳ ಪರೀಕ್ಷೆ ಆಗಲಿ. ಸಂವೇದನೆಯ ಅತಿರೇಕ ಅಥವಾ ಮಂದತೆಯನ್ನು 2013ರಿಂದ ಆಟಿಸಂ ಗುರುತಿಸುವ ಲಕ್ಷಣಗಳಲ್ಲಿ ಒಂದಾಗಿ ಸೇರಿಸಲಾಗಿದೆ. ಆದರೆ ಅದೊಂದನ್ನೇ ಹಿಡಿದು ತೀರ್ಮಾನಕ್ಕೆ ಬರುವಂತಿಲ್ಲ.

ನಾಳೆಯೂ ಶಿಶುವಿಹಾರದ ಗಂಟೆ ಮೊಳಗುತ್ತದೆ. ಮಗು ಮತ್ತೆ ಕಿವಿ ಮುಚ್ಚಿಕೊಂಡೀತು. ಆಗ ಅದರ ಕೈಗಳನ್ನು ಕಿತ್ತು ತೆಗೆಯದೆ, ಪಕ್ಕದಲ್ಲಿ ಮಂಡಿಯೂರಿ ಕುಳಿತು ಸದ್ದು ಅಡಗುವವರೆಗೆ ಜೊತೆಗಿರುವ ಒಬ್ಬ ಉಪಾಧ್ಯಾಯಿನಿ ಇದ್ದರೆ, ಆ ಮಗು ಶಾಲೆಯನ್ನು ನಂಬಲು ಕಲಿಯುತ್ತದೆ. ಅಕ್ಷರಾಭ್ಯಾಸ ಅದರ ಮೇಲಿನ ಮಾತು.