‘ನೆಟ್ ಇಲ್ಲ’ ಎಂದಾಗ ಮೊದಲು ಪರಿಶೀಲಿಸಬೇಕಾದುದು: ಲ್ಯಾಪ್‌ಟಾಪ್‌ನಿಂದ ರೇಡಿಯೋ ಉಪಕರಣದವರೆಗಿನ ತಂತಿ ಸಂಪರ್ಕ



ಗ್ರಾಮ ಪಂಚಾಯತಿಯ ದೈನಂದಿನ ಕಾರ್ಯಗಳು ಇಂದು ಬಹುಮಟ್ಟಿಗೆ ಅಂತರ್ಜಾಲವನ್ನು ಅವಲಂಬಿಸಿವೆ. ತೆರಿಗೆ ವಸೂಲಾತಿಯ ರಸೀದಿ, ಇ-ಸ್ವತ್ತು ತಂತ್ರಾಂಶದ ನಮೂನೆ-9 ಮತ್ತು ನಮೂನೆ-11ಬಿ, ಪಂಚತಂತ್ರದ ಲೆಕ್ಕಪತ್ರ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು ಇವೆಲ್ಲವೂ ಸಂಪರ್ಕ ಕಡಿದೊಡನೆ ಸ್ಥಗಿತಗೊಳ್ಳುತ್ತವೆ. ‘ನೆಟ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಪಡೆದು ಹಿಂದಿರುಗುವವರು ಒಂದು ದಿನದ ಕೂಲಿಯನ್ನೂ ಬಸ್ಸಿನ ದರವನ್ನೂ ಕಳೆದುಕೊಂಡಿರುತ್ತಾರೆ. ಆದುದರಿಂದ ಸಂಪರ್ಕದ ದೋಷವು ಕೇವಲ ಕಚೇರಿಯ ಸಿಬ್ಬಂದಿಯ ಸಮಸ್ಯೆಯಲ್ಲ. ಅದು ಸದಸ್ಯರೂ ಅರಿತಿರಬೇಕಾದ ವಿಷಯವಾಗಿದೆ.

ಭಾರತ್‌ನೆಟ್ ಯೋಜನೆಯು 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂಬ ಹೆಸರಿನಲ್ಲಿ ಅನುಮೋದನೆ ಪಡೆಯಿತು. ಗುಡ್ಡ, ಕಾಡು ಮತ್ತು ಕಣಿವೆಗಳ ನಡುವೆ ಎಲ್ಲೆಡೆ ಫೈಬರ್ ಎಳೆಯುವುದು ಸುಲಭವಲ್ಲದ ಕಾರಣ, 2017ರಲ್ಲಿ ಅನುಮೋದಿತವಾದ ಎರಡನೆಯ ಹಂತದಲ್ಲಿ ರೇಡಿಯೋ ಮತ್ತು ಉಪಗ್ರಹ ಮಾಧ್ಯಮಗಳಿಗೂ ಅವಕಾಶ ನೀಡಲಾಯಿತು. ಖಾಸಗಿ ಸೇವಾದಾರರೂ ಇಂತಹ ಸ್ಥಳಗಳಿಗೆ ರೇಡಿಯೋ ಮೂಲಕವೇ ಸಂಪರ್ಕ ಒದಗಿಸುತ್ತಾರೆ. ಕಚೇರಿಯ ಛಾವಣಿಯ ಮೇಲಿನ ಕಂಬದಲ್ಲಿ ತಟ್ಟೆಯಂತೆ ಅಥವಾ ಚಪ್ಪಟೆ ಪೆಟ್ಟಿಗೆಯಂತೆ ಕಾಣುವ ಉಪಕರಣವೇ ಈ ರೇಡಿಯೋ. ಇದು ದೂರದ ಗೋಪುರದೊಡನೆ ತಂತಿಯಿಲ್ಲದೆ ಸಂಪರ್ಕ ಹೊಂದಿದ್ದರೂ, ಕಚೇರಿಯ ಲ್ಯಾಪ್‌ಟಾಪ್‌ವರೆಗೆ ತಂತಿಯ ಮೂಲಕವೇ ಬರುತ್ತದೆ. ದೋಷ ಉಂಟಾದಾಗ ಜನರ ದೃಷ್ಟಿ ಗೋಪುರದ ಕಡೆಗೆ ಹೋಗುತ್ತದೆ. ಆದರೆ ಹಲವು ಬಾರಿ ದೋಷವಿರುವುದು ಕಚೇರಿಯೊಳಗಿನ ತಂತಿಯಲ್ಲಿ. ಇದನ್ನು ಹತ್ತು ಹದಿನೈದು ನಿಮಿಷಗಳಲ್ಲಿ ಪತ್ತೆಹಚ್ಚುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಸಂಪರ್ಕದ ದಾರಿ

ಕಂಬದ ಮೇಲಿನ ರೇಡಿಯೋಗೆ ಸಾಮಾನ್ಯವಾಗಿ ಪ್ರತ್ಯೇಕ ವಿದ್ಯುತ್ ತಂತಿ ಇರುವುದಿಲ್ಲ. ಮಾಹಿತಿಯನ್ನು ಒಯ್ಯುವ ಲ್ಯಾನ್ ಕೇಬಲ್‌ನಲ್ಲಿಯೇ ವಿದ್ಯುತ್ತನ್ನೂ ಕಳುಹಿಸಲಾಗುತ್ತದೆ. ಈ ಕೆಲಸ ಮಾಡುವ ಚಿಕ್ಕ ಪೆಟ್ಟಿಗೆಯನ್ನು ಪಿಒಇ ಅಡಾಪ್ಟರ್ ಎನ್ನುತ್ತಾರೆ. ಅದರಲ್ಲಿ ಎರಡು ಕಿಂಡಿಗಳಿರುತ್ತವೆ. ‘ಪಿಒಇ’ ಎಂದು ಬರೆದಿರುವ ಕಿಂಡಿಯಿಂದ ಹೊರಟ ಕೇಬಲ್ ಛಾವಣಿಯ ಮೇಲಿನ ರೇಡಿಯೋಗೆ ಹೋಗಬೇಕು. ‘ಲ್ಯಾನ್’ ಎಂದು ಬರೆದಿರುವ ಕಿಂಡಿಯಿಂದ ಹೊರಟ ಕೇಬಲ್ ಲ್ಯಾಪ್‌ಟಾಪ್‌ಗೆ ಅಥವಾ ವೈಫೈ ರೌಟರ್‌ಗೆ ಬರಬೇಕು.

ಕಚೇರಿ ಸ್ವಚ್ಛಗೊಳಿಸುವಾಗ ಅಥವಾ ಮೇಜು ಸರಿಸುವಾಗ ಈ ಎರಡು ಕೇಬಲ್‌ಗಳು ಅದಲುಬದಲಾಗುವುದುಂಟು. ಇದರಿಂದ ರೇಡಿಯೋಗೆ ವಿದ್ಯುತ್ ದೊರೆಯುವುದಿಲ್ಲ. ಅಷ್ಟೇ ಅಲ್ಲದೆ, ಎದುರಿನ ಉಪಕರಣವನ್ನು ಗುರುತಿಸದೆ ನೇರವಾಗಿ ವಿದ್ಯುತ್ ಹರಿಸುವ ಬಗೆಯ ಅಡಾಪ್ಟರ್ ಆಗಿದ್ದರೆ ಲ್ಯಾಪ್‌ಟಾಪ್‌ನ ಕಿಂಡಿಯೇ ಸುಟ್ಟುಹೋಗುವ ಅಪಾಯವಿದೆ. ಲ್ಯಾಪ್‌ಟಾಪನ್ನು ಎಂದಿಗೂ ‘ಪಿಒಇ’ ಕಿಂಡಿಗೆ ಜೋಡಿಸತಕ್ಕದ್ದಲ್ಲ.

2. ಪರಿಶೀಲನೆಯ ಕ್ರಮ

ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ಅನುಸರಿಸಬೇಕು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಬೇಕು. ಎರಡು ಮೂರು ವಸ್ತುಗಳನ್ನು ಒಟ್ಟಿಗೆ ಬದಲಾಯಿಸಿದರೆ ದೋಷ ಯಾವುದರಲ್ಲಿತ್ತೆಂಬುದು ತಿಳಿಯುವುದಿಲ್ಲ.

ಹಂತ 1, ವಿದ್ಯುತ್: ಪಿಒಇ ಅಡಾಪ್ಟರ್‌ನ ದೀಪ ಉರಿಯುತ್ತಿದೆಯೇ ಎಂದು ನೋಡಬೇಕು. ಉರಿಯದಿದ್ದರೆ ಸ್ವಿಚ್, ಪ್ಲಗ್ ಮತ್ತು ಯುಪಿಎಸ್ ಪರಿಶೀಲಿಸಬೇಕು. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಿಂದ ನಡೆಯುತ್ತಿರುತ್ತದೆಯಾದ್ದರಿಂದ ಅಡಾಪ್ಟರ್‌ಗೆ ವಿದ್ಯುತ್ ಇಲ್ಲದಿರುವುದು ಗಮನಕ್ಕೆ ಬಾರದೆ ಹೋಗಬಹುದು. ಅಡಾಪ್ಟರನ್ನು ಯುಪಿಎಸ್‌ಗೆ ಜೋಡಿಸದೆ ಗೋಡೆಯ ಪ್ಲಗ್‌ಗೆ ಹಾಕಿರುವ ಕಚೇರಿಗಳಲ್ಲಿ ವಿದ್ಯುತ್ ಕಡಿತವಾದಾಗಲೆಲ್ಲ ಸಂಪರ್ಕವೂ ಹೋಗುತ್ತದೆ.

ಹಂತ 2, ನೇರ ಜೋಡಣೆ: ನಡುವೆ ಇರುವ ವೈಫೈ ರೌಟರ್ ಅಥವಾ ಸ್ವಿಚ್ ಪೆಟ್ಟಿಗೆಯನ್ನು ತಾತ್ಕಾಲಿಕವಾಗಿ ಬಿಟ್ಟು, ಅಡಾಪ್ಟರ್‌ನ ‘ಲ್ಯಾನ್’ ಕಿಂಡಿಯಿಂದ ಲ್ಯಾಪ್‌ಟಾಪ್‌ಗೆ ನೇರವಾಗಿ ಕೇಬಲ್ ಜೋಡಿಸಬೇಕು. ಲ್ಯಾಪ್‌ಟಾಪ್‌ನ ವೈಫೈಯನ್ನು ಆಫ್ ಮಾಡಬೇಕು. ಇಲ್ಲವಾದರೆ ಯಾರದೋ ಮೊಬೈಲ್‌ನ ಹಾಟ್‌ಸ್ಪಾಟ್ ಮೂಲಕ ಬಂದ ಉತ್ತರವನ್ನು ರೇಡಿಯೋದ ಉತ್ತರವೆಂದು ತಪ್ಪಾಗಿ ತಿಳಿಯುವ ಸಾಧ್ಯತೆ ಇದೆ.

ಹಂತ 3, ಕಿಂಡಿಯ ದೀಪ: ಇದು ಅತ್ಯಂತ ಮುಖ್ಯವಾದ ಹಂತ. ಲ್ಯಾಪ್‌ಟಾಪ್‌ನ ಲ್ಯಾನ್ ಕಿಂಡಿಯ ಪಕ್ಕದ ಚಿಕ್ಕ ದೀಪ ಉರಿಯುತ್ತಿದೆಯೇ ಎಂದು ಗಮನಿಸಬೇಕು. ದೀಪವಿಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ‘ನೆಟ್‌ವರ್ಕ್ ಕೇಬಲ್ ಅನ್‌ಪ್ಲಗ್ಡ್’ ಎಂಬ ಸೂಚನೆ ಪರದೆಯ ಮೇಲೆ ಬಂದಿದೆಯೇ ಎಂದು ನೋಡಬೇಕು.

ಅಡಾಪ್ಟರ್‌ನ ದೀಪಕ್ಕೂ ಈ ದೀಪಕ್ಕೂ ಇರುವ ವ್ಯತ್ಯಾಸವನ್ನು ಸದಸ್ಯರು ಅರಿಯಬೇಕು. ಅಡಾಪ್ಟರ್‌ನ ದೀಪವು ಗೋಡೆಯಿಂದ ವಿದ್ಯುತ್ ಬಂದಿದೆ ಎಂಬುದನ್ನಷ್ಟೇ ತಿಳಿಸುತ್ತದೆ. ಸಾಮಾನ್ಯ ಪಿಒಇ ಅಡಾಪ್ಟರ್ ಮಾಹಿತಿಯನ್ನು ತಾನು ಸಂಸ್ಕರಿಸದೆ ಮುಂದಕ್ಕೆ ಬಿಡುವುದರಿಂದ, ಲ್ಯಾಪ್‌ಟಾಪ್‌ನ ಕಿಂಡಿಯ ದೀಪ ಉರಿಯಬೇಕಾದರೆ ಛಾವಣಿಯ ಮೇಲಿನ ರೇಡಿಯೋ ಎಚ್ಚರವಾಗಿರಲೇಬೇಕು. ಆದುದರಿಂದ ಈ ದೀಪ ಉರಿದರೆ ಅಡಾಪ್ಟರ್ ಸರಿಯಿದೆ, ರೇಡಿಯೋಗೆ ವಿದ್ಯುತ್ ತಲುಪಿದೆ, ಕೇಬಲ್ ತುಂಡಾಗಿಲ್ಲ ಎಂಬ ಮೂರು ಸಂಗತಿಗಳು ಒಮ್ಮೆಗೇ ತಿಳಿದಂತಾಗುತ್ತದೆ.

ಹಂತ 4, ದೀಪ ಉರಿಯದಿದ್ದರೆ: ಮೊದಲು ಲ್ಯಾಪ್‌ಟಾಪ್ ಕಡೆಯ ಚಿಕ್ಕ ಕೇಬಲನ್ನು ಬದಲಾಯಿಸಿ ನೋಡಬೇಕು. ಕನೆಕ್ಟರ್‌ನ ಪ್ಲಾಸ್ಟಿಕ್ ಕೊಕ್ಕೆ ಮುರಿದಿದ್ದರೆ ಅದು ಕಿಂಡಿಯಲ್ಲಿ ಭದ್ರವಾಗಿ ಕೂರುವುದಿಲ್ಲ. ಬಳಿಕ ಅದೇ ಕೇಬಲ್‌ನಿಂದ ಲ್ಯಾಪ್‌ಟಾಪನ್ನು ವೈಫೈ ರೌಟರ್‌ಗೆ ಜೋಡಿಸಿ ನೋಡಬೇಕು. ಅಲ್ಲಿ ದೀಪ ಉರಿದರೆ ಲ್ಯಾಪ್‌ಟಾಪ್‌ನ ಕಿಂಡಿ ಸರಿಯಿದೆ ಎಂದರ್ಥ. ಹಾಗಾದರೆ ದೋಷ ಇರುವುದು ಅಡಾಪ್ಟರ್, ಛಾವಣಿಗೆ ಹೋಗುವ ಕೇಬಲ್ ಅಥವಾ ರೇಡಿಯೋದಲ್ಲಿ. ಲ್ಯಾನ್ ಕಿಂಡಿಯೇ ಇಲ್ಲದ ತೆಳು ಲ್ಯಾಪ್‌ಟಾಪ್‌ಗಳಿಗೆ ಯುಎಸ್‌ಬಿ ಪರಿವರ್ತಕ ಬಳಸುತ್ತಿದ್ದರೆ ಅದನ್ನೂ ಬದಲಾಯಿಸಿ ಪರೀಕ್ಷಿಸಬೇಕು.

ಅಡಾಪ್ಟರನ್ನು ಬದಲಾಯಿಸುವಾಗ ಅದರ ಮೇಲೆ ಮುದ್ರಿತವಾಗಿರುವ ವೋಲ್ಟೇಜನ್ನು ಹೋಲಿಸುವುದು ಕಡ್ಡಾಯ. ಕೆಲವು ರೇಡಿಯೋಗಳಿಗೆ 24 ವೋಲ್ಟ್, ಇನ್ನು ಕೆಲವಕ್ಕೆ 48 ವೋಲ್ಟ್ ಬೇಕು. ನೋಡಲು ಒಂದೇ ರೀತಿ ಇದ್ದರೂ 24 ವೋಲ್ಟ್‌ನ ರೇಡಿಯೋಗೆ 48 ವೋಲ್ಟ್ ಕೊಟ್ಟರೆ ಅದು ಶಾಶ್ವತವಾಗಿ ಹಾಳಾಗಬಹುದು.

ಹಂತ 5, ದೀಪ ಉರಿದರೂ ಸಂಪರ್ಕವಿಲ್ಲದಿದ್ದರೆ: ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ವಿವರದಲ್ಲಿ ಐಪಿ ವಿಳಾಸವನ್ನು ನೋಡಬೇಕು. ಅದು 169.254 ಎಂದು ಆರಂಭವಾಗಿದ್ದರೆ, ಲ್ಯಾಪ್‌ಟಾಪ್ ವಿಳಾಸವನ್ನು ಕೇಳಿದರೂ ಯಾರೂ ಕೊಡಲಿಲ್ಲ, ಆದುದರಿಂದ ಅದು ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಎಂದರ್ಥ. ಅನೇಕ ರೇಡಿಯೋಗಳು ತಾವು ವಿಳಾಸ ನೀಡದೆ, ಆಚೆ ಬದಿಯಿಂದ ಬಂದುದನ್ನು ದಾಟಿಸುವ ಕೆಲಸವನ್ನಷ್ಟೇ ಮಾಡುತ್ತವೆ. ಹೀಗಾಗಿ ಈ ಚಿಹ್ನೆ ಕಂಡ ಮಾತ್ರಕ್ಕೆ ರೇಡಿಯೋ ಕೆಟ್ಟಿದೆ ಎಂದು ತೀರ್ಮಾನಿಸಬಾರದು.

ಹಂತ 6, ರೇಡಿಯೋವನ್ನೇ ಕೇಳುವುದು: ಪ್ರತಿ ರೇಡಿಯೋಗೆ ತನ್ನದೇ ಐಪಿ ವಿಳಾಸವಿರುತ್ತದೆ. ಅಳವಡಿಕೆಯ ಸಮಯದಲ್ಲಿ ಅದನ್ನು ಬರೆದಿಟ್ಟುಕೊಂಡಿರಬೇಕು. ಉದಾಹರಣೆಗೆ ರೇಡಿಯೋದ ವಿಳಾಸ 192.168.1.20 ಆಗಿದ್ದರೆ, ಲ್ಯಾಪ್‌ಟಾಪ್‌ನ ಲ್ಯಾನ್ ಸೆಟ್ಟಿಂಗ್‌ನಲ್ಲಿ ಅದೇ ಸಾಲಿನ ಬೇರೊಂದು ವಿಳಾಸವನ್ನು, ಅಂದರೆ 192.168.1.10 ಎಂಬುದನ್ನು ನೀಡಿ, ಸಬ್‌ನೆಟ್ ಮಾಸ್ಕ್ 255.255.255.0 ಎಂದು ನಮೂದಿಸಬೇಕು. ಕೊನೆಯ ಸಂಖ್ಯೆ ಎರಡಕ್ಕೂ ಒಂದೇ ಆಗಿರಕೂಡದು. ಬಳಿಕ ಕಮಾಂಡ್ ಪ್ರಾಂಪ್ಟ್ ತೆರೆದು ‘ಪಿಂಗ್’ ಆದೇಶದ ಮುಂದೆ ರೇಡಿಯೋದ ವಿಳಾಸವನ್ನು ಟೈಪ್ ಮಾಡಬೇಕು. ಉತ್ತರಗಳು ತಪ್ಪದೆ ಬಂದರೆ ಕಚೇರಿಯ ತಂತಿ ಭಾಗ ಸುಸ್ಥಿತಿಯಲ್ಲಿದೆ. ದೋಷ ರೇಡಿಯೋದಿಂದ ಆಚೆಗೆ ಇದೆ. ಕೆಲವು ಬಂದು ಕೆಲವು ತಪ್ಪಿದರೆ ಕೇಬಲ್ ಅಥವಾ ಕನೆಕ್ಟರ್ ಸಡಿಲವಾಗಿರುವ ಸಂಭವ ಹೆಚ್ಚು.

ಪರೀಕ್ಷೆ ಮುಗಿದ ತಕ್ಷಣ ಲ್ಯಾಪ್‌ಟಾಪ್‌ನ ಸೆಟ್ಟಿಂಗನ್ನು ಮೊದಲಿದ್ದಂತೆಯೇ ಮರಳಿಸಬೇಕು. ಇದನ್ನು ಮರೆತರೆ, ಸಂಪರ್ಕ ಸರಿಹೋದ ಮೇಲೂ ಆ ಲ್ಯಾಪ್‌ಟಾಪ್‌ನಲ್ಲಿ ಅಂತರ್ಜಾಲ ಬರುವುದಿಲ್ಲ. ಮತ್ತೆ ಹೊಸ ದೂರು ಆರಂಭವಾಗುತ್ತದೆ.

3. ಕೇಬಲ್ ಕೆಡುವ ಕಾರಣಗಳು

ಛಾವಣಿಗೆ ಹೋಗುವ ಕೇಬಲ್ ಬಿಸಿಲು, ಮಳೆ ಮತ್ತು ಇಲಿಗಳ ಕಾಟಕ್ಕೆ ನೇರವಾಗಿ ಒಡ್ಡಿಕೊಂಡಿರುತ್ತದೆ. ಒಳಾಂಗಣಕ್ಕೆಂದು ತಯಾರಾದ ಕೇಬಲನ್ನು ಹೊರಗೆ ಎಳೆದರೆ ಬಿಸಿಲಿಗೆ ಅದರ ಹೊದಿಕೆ ಬಿರುಕು ಬಿಟ್ಟು ನೀರು ಒಳಸೇರುತ್ತದೆ. ಮಳೆ ಬಂದಾಗ ಮಾತ್ರ ಸಂಪರ್ಕ ಹೋಗಿ, ಬಿಸಿಲು ಬಂದೊಡನೆ ಮರಳುತ್ತಿದ್ದರೆ ಮೊದಲು ಸಂಶಯಿಸಬೇಕಾದುದು ಕನೆಕ್ಟರ್‌ನೊಳಗಿನ ತೇವವನ್ನು. ಕೇಬಲ್ ಕಟ್ಟಡದೊಳಗೆ ಪ್ರವೇಶಿಸುವ ಮುನ್ನ ಕೆಳಮುಖವಾಗಿ ಒಂದು ಬಾಗು ಇರುವಂತೆ ಬಿಟ್ಟರೆ, ಅದರ ಮೇಲೆ ಹರಿದುಬರುವ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿಹೋಗುತ್ತದೆ.

ಅಗ್ಗದ ಕೆಲವು ಕೇಬಲ್‌ಗಳಲ್ಲಿ ಶುದ್ಧ ತಾಮ್ರದ ಬದಲು ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಇರುತ್ತದೆ. ಅದು ಬೇಗ ಮುರಿಯುತ್ತದೆ. ವಿದ್ಯುತ್ತಿಗೆ ಹೆಚ್ಚು ಪ್ರತಿರೋಧ ಒಡ್ಡುವುದರಿಂದ ದೂರದ ರೇಡಿಯೋಗೆ ಸಾಕಷ್ಟು ವೋಲ್ಟೇಜ್ ತಲುಪುವುದಿಲ್ಲ. ಖರೀದಿಯ ಸಂದರ್ಭದಲ್ಲಿ ‘ಹೊರಾಂಗಣ ಬಳಕೆಯ, ಶುದ್ಧ ತಾಮ್ರದ ಕ್ಯಾಟ್-5ಇ ಅಥವಾ ಕ್ಯಾಟ್-6 ಕೇಬಲ್’ ಎಂದು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ. ಲ್ಯಾಪ್‌ಟಾಪ್ ಅಥವಾ ರೌಟರ್‌ನಿಂದ ರೇಡಿಯೋವರೆಗಿನ ಒಟ್ಟು ಉದ್ದ 100 ಮೀಟರ್ ಮೀರಕೂಡದು.

ಕನೆಕ್ಟರ್ ಹೊಸದಾಗಿ ಹಾಕುವಾಗ ಎಂಟು ತಂತಿಗಳ ಬಣ್ಣದ ಕ್ರಮ ಎರಡೂ ತುದಿಗಳಲ್ಲಿ ಒಂದೇ ಆಗಿರಬೇಕು. ರೂಢಿಯಲ್ಲಿರುವ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. 100 ಎಂಬಿಪಿಎಸ್ ವೇಗದ ಸಂಪರ್ಕದಲ್ಲಿ ಮಾಹಿತಿ ಹರಿಯುವುದು 1, 2, 3 ಮತ್ತು 6ನೆಯ ತಂತಿಗಳಲ್ಲಿ. ಅನೇಕ ಪಿಒಇ ಅಡಾಪ್ಟರ್‌ಗಳು ವಿದ್ಯುತ್ತನ್ನು 4, 5, 7 ಮತ್ತು 8ನೆಯ ತಂತಿಗಳಲ್ಲಿ ಕಳುಹಿಸುತ್ತವೆ. ಆದುದರಿಂದ ‘ನಾಲ್ಕು ತಂತಿ ಸಾಕು’ ಎಂಬ ಮಾತನ್ನು ಒಪ್ಪಬಾರದು.

4. ಮಾಡಬಾರದ ಕಾರ್ಯಗಳು

ರೇಡಿಯೋದ ಅಥವಾ ಅಡಾಪ್ಟರ್‌ನ ರೀಸೆಟ್ ಗುಂಡಿಯನ್ನು ಒತ್ತಬಾರದು. ದೀರ್ಘವಾಗಿ ಒತ್ತಿದರೆ ಅದರಲ್ಲಿರುವ ಎಲ್ಲ ಸೆಟ್ಟಿಂಗ್‌ಗಳು ಅಳಿಸಿಹೋಗಿ, ಸಣ್ಣ ಕೇಬಲ್ ದೋಷವು ತಂತ್ರಜ್ಞರು ಬರುವವರೆಗೆ ಬಗೆಹರಿಯದ ಸಮಸ್ಯೆಯಾಗುತ್ತದೆ. ಸದಸ್ಯರಾಗಲಿ ಸಿಬ್ಬಂದಿಯಾಗಲಿ ಕಂಬವನ್ನು ಏರಬಾರದು; ರೇಡಿಯೋದ ದಿಕ್ಕನ್ನು ತಿರುಗಿಸಬಾರದು. ಗುಡುಗು ಸಿಡಿಲಿನ ಲಕ್ಷಣ ಕಂಡಾಗ, ಸಿಡಿಲು ಸಮೀಪಿಸುವ ಮೊದಲೇ, ಲ್ಯಾಪ್‌ಟಾಪ್‌ನಿಂದ ಕೇಬಲ್ ಬೇರ್ಪಡಿಸಿ ಅಡಾಪ್ಟರನ್ನು ಪ್ಲಗ್‌ನಿಂದ ತೆಗೆಯಬೇಕು. ಸಿಡಿಲು ಆರಂಭವಾದ ಮೇಲೆ ಆ ಕೇಬಲನ್ನು ಮುಟ್ಟಬಾರದು. ಕಂಬಕ್ಕೆ ಅರ್ಥಿಂಗ್ ಇದೆಯೇ ಎಂಬುದನ್ನು ಮುಂಗಾರು ಪೂರ್ವದ ಮಳೆಗೆ ಮೊದಲೇ ಖಚಿತಪಡಿಸಿಕೊಳ್ಳುವುದು ಒಳಿತು.

5. ಸದಸ್ಯರ ಪಾತ್ರ

ಸದಸ್ಯರು ಸ್ವತಃ ಕೇಬಲ್ ಹಿಡಿದು ದುರಸ್ತಿ ಮಾಡಬೇಕೆಂಬುದು ಈ ಲೇಖನದ ಉದ್ದೇಶವಲ್ಲ. ‘ರೇಡಿಯೋ ಕೆಟ್ಟಿದೆ, ಹೊಸದು ಖರೀದಿಸಬೇಕು’ ಎಂಬ ಪ್ರಸ್ತಾವ ಸಭೆಯ ಮುಂದೆ ಬಂದಾಗ ಕೆಳಗಿನ ನಾಲ್ಕು ಪ್ರಶ್ನೆಗಳನ್ನು ಕೇಳಲು ಅವರು ಶಕ್ತರಾಗಬೇಕು.

ಅ) ಲ್ಯಾಪ್‌ಟಾಪನ್ನು ಅಡಾಪ್ಟರ್‌ಗೆ ನೇರವಾಗಿ ಜೋಡಿಸಿದಾಗ ಕಿಂಡಿಯ ದೀಪ ಉರಿಯಿತೇ?
ಆ) ಬೇರೆ ಕೇಬಲ್ ಹಾಗೂ ಅದೇ ವೋಲ್ಟೇಜಿನ ಬೇರೆ ಅಡಾಪ್ಟರ್ ಬಳಸಿ ಪರೀಕ್ಷಿಸಲಾಯಿತೇ?
ಇ) ರೇಡಿಯೋದ ಐಪಿ ವಿಳಾಸಕ್ಕೆ ಪಿಂಗ್ ಮಾಡಿದಾಗ ಉತ್ತರ ಬಂದಿತೇ?
ಈ) ಉಪಕರಣವು ಖಾತರಿ ಅವಧಿಯಲ್ಲಿದೆಯೇ? ಅದರ ನಿರ್ವಹಣೆಯ ಹೊಣೆ ಯಾರದು?

ಮೊದಲ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಮಾಡಿದ ಖರೀದಿಯಲ್ಲಿ, ಹೊಸ ರೇಡಿಯೋ ಬಂದ ಮೇಲೂ ಹಳೆಯ ಕೇಬಲ್‌ನ ದೋಷ ಹಾಗೆಯೇ ಉಳಿಯುವ ಸಂಭವವಿದೆ. ಅಂತೆಯೇ ಪಿಂಗ್‌ಗೆ ಉತ್ತರ ಬಂದಿದ್ದರೆ ಸೇವಾದಾರರಿಗೆ ‘ನೆಟ್ ಇಲ್ಲ’ ಎಂಬ ಬದಲು ‘ಲ್ಯಾಪ್‌ಟಾಪ್‌ನಿಂದ ರೇಡಿಯೋವರೆಗೆ ಸರಿಯಿದೆ, ಅಲ್ಲಿಂದ ಆಚೆಗೆ ಸಂಪರ್ಕವಿಲ್ಲ’ ಎಂದು ದಿನಾಂಕ ಮತ್ತು ಸಮಯದೊಡನೆ ದೂರು ನೀಡಬಹುದು. ಇಂತಹ ದೂರಿಗೆ ‘ನಿಮ್ಮ ಕಚೇರಿಯ ಕೇಬಲ್ ನೋಡಿಕೊಳ್ಳಿ’ ಎಂಬ ಉತ್ತರ ಸಲ್ಲುವುದಿಲ್ಲ.

ಪ್ರತಿ ಕಚೇರಿಯಲ್ಲಿ ಎರಡು ಚಿಕ್ಕ ಲ್ಯಾನ್ ಕೇಬಲ್, ಅದೇ ಮಾದರಿಯ ಒಂದು ಪಿಒಇ ಅಡಾಪ್ಟರ್, ಕೆಲವು ಆರ್‌ಜೆ-45 ಕನೆಕ್ಟರ್, ಒಂದು ಕ್ರಿಂಪಿಂಗ್ ಉಪಕರಣ ಮತ್ತು ಒಂದು ಕೇಬಲ್ ಟೆಸ್ಟರ್ ಇರಿಸಿಕೊಳ್ಳುವುದು ಅಪೇಕ್ಷಣೀಯ. ರೇಡಿಯೋದ ಐಪಿ ವಿಳಾಸ, ಅಡಾಪ್ಟರ್‌ನ ವೋಲ್ಟೇಜ್, ಅಳವಡಿಸಿದ ದಿನಾಂಕ ಹಾಗೂ ದೂರು ನೀಡಬೇಕಾದ ಸಂಖ್ಯೆಯನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಪಾಸ್‌ವರ್ಡನ್ನು ಗೋಡೆಗೆ ಅಂಟಿಸದೆ, ಮುಚ್ಚಿದ ಲಕೋಟೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಸುಪರ್ದಿನಲ್ಲಿ ಇರಿಸಬೇಕು. ಸಂಪರ್ಕ ಕಡಿದ ಪ್ರತಿ ಸಂದರ್ಭದಲ್ಲಿಯೂ ಯಾವ ಹಂತದಲ್ಲಿ ದೋಷ ಕಂಡಿತು, ಹೇಗೆ ಸರಿಹೋಯಿತು ಎಂಬುದನ್ನು ಅದೇ ವಹಿಯಲ್ಲಿ ದಾಖಲಿಸಿದರೆ, ಒಂದೇ ದೋಷ ಮರುಕಳಿಸುತ್ತಿರುವುದು ಸಭೆಯ ಗಮನಕ್ಕೆ ತಾನಾಗಿಯೇ ಬರುತ್ತದೆ.

ಸಂಪರ್ಕ ಸರಿಯಿರುವ ದಿನವೇ ಒಮ್ಮೆ ಸಿಬ್ಬಂದಿಯೊಡನೆ ನಿಂತು ಮೇಲಿನ ಆರು ಹಂತಗಳನ್ನು ಪ್ರಾಯೋಗಿಕವಾಗಿ ನೋಡಿಕೊಳ್ಳುವಂತೆ ಸದಸ್ಯರಲ್ಲಿ ಕೋರಲಾಗಿದೆ. ಸುಸ್ಥಿತಿಯಲ್ಲಿರುವಾಗ ಯಾವ ದೀಪ ಹೇಗೆ ಉರಿಯುತ್ತದೆ ಎಂಬುದನ್ನು ಕಂಡವರು, ಅದು ಆರಿದಾಗ ದೋಷ ಎಲ್ಲಿದೆ ಎಂಬುದನ್ನು ಸುಲಭವಾಗಿ ಗುರುತಿಸಬಲ್ಲರು.